ಮಗ್ಗುಲು ಬದಲಿಸದ ಗೋಸುಂಬೆ

ಚಿತ್ರದುರ್ಗದ ಕಡೆಯ ಒಂದು ಹೊಲದ ಬದು. ಅದರಡಿ ಗೋಸುಂಬೆಯ ಮೊಟ್ಟೆಗಳಿವೆಯೆಂದು ಸುಳಿವು ಸಿಕ್ಕಿ ನಮ್ಮ ವರದಿಗಾರರು ಮೈಕು, ಗುದ್ದಲಿ ಎರಡನ್ನೂ ಹಿಡಿದು ಹೋದರು. ಗುದ್ದಲಿ ದೂರ ಇಟ್ಟ ಮೇಲಷ್ಟೇ ಒಂದು ಮೊಟ್ಟೆ ಮಾತಿಗೆ ಒಪ್ಪಿತು.

ವರದಿಗಾರ: ನಮಸ್ಕಾರ. ತಾಯಿಯವರು ಇದ್ದಾರೆಯೇ?

ಮೊಟ್ಟೆ: ಇಲ್ಲ ಸಾರ್. ಮರದಿಂದ ಇಳಿದಳು, ಗುಂಡಿ ತೋಡಿದಳು, ನಮ್ಮನ್ನಿಟ್ಟಳು, ಮಣ್ಣು ಮುಚ್ಚಿ ತುಳಿದು ಗಟ್ಟಿ ಮಾಡಿದಳು, ಮತ್ತೆ ಮರ ಹತ್ತಿದಳು. ಆಮೇಲೆ ಈ ಕಡೆ ತಲೆ ಹಾಕಿಲ್ಲ.

ವರದಿಗಾರ: ಛೇ! ಹೆತ್ತ ಕರುಳು ಅನ್ನುವುದು ಬೇಡವೇ?

ಮೊಟ್ಟೆ: ಜಾಗ ಆರಿಸಿದ್ದೇ ಅವಳ ಆರೈಕೆ. ನಮ್ಮ ಚಿಪ್ಪು ಗಡುಸಲ್ಲ, ತೊಗಲಿನಂಥದ್ದು. ಮಣ್ಣಿನ ತೇವ ಹೀರಿ ಹಿಗ್ಗುತ್ತದೆ. ತೀರಾ ಒಣಗಿದರೆ ನೆಗ್ಗುತ್ತೇವೆ, ನೀರು ನಿಂತರೆ ಉಸಿರು ಕಟ್ಟುತ್ತದೆ. ಇವೆರಡೂ ಆಗದ ಕಡೆ ಬಿಟ್ಟು ಹೋಗಿದ್ದಾಳೆ. ದಿನಕ್ಕೆ ನಾಲ್ಕು ಸಲ ಬಂದು ‘ಹೇಗಿದ್ದೀಯ ಮಗಾ’ ಎಂದು ಕೆದಕುವವರು ನಮಗೆ ಬೇಕಿಲ್ಲ.

ವರದಿಗಾರ: ಕೋಳಿ ನೋಡಿ, ಕಾವಿಗೆ ಕೂತು ಮೊಟ್ಟೆ ಹೊರಳಿಸುತ್ತಲೇ ಇರುತ್ತದೆ. ನಾವೂ ಒಂಚೂರು...

ಮೊಟ್ಟೆ: ಕೈ ತೆಗೀರಿ! ಹೊರಳಾಟ ಕೋಳಿಗೆ ಬೇಕು. ನಮ್ಮ ಭ್ರೂಣ ಚಿಪ್ಪಿನ ಒಳಗೋಡೆಗೆ ಅಂಟಿಕೊಂಡು ಬೆಳೆಯುತ್ತದೆ. ತಲೆಕೆಳಗು ಮಾಡಿದರೆ ಸತ್ತೇ ಹೋಗಬಹುದು. ಹೊರದೇಶಗಳಲ್ಲಿ ಯೆಮನ್ ಮೂಲದ ಗೋಸುಂಬೆ ಸಾಕುವವರು ಮೊಟ್ಟೆಯ ಮೇಲ್ಮುಖಕ್ಕೆ ಪೆನ್ಸಿಲ್ ಗುರುತು ಹಾಕಿಯೇ ಎತ್ತುತ್ತಾರೆ. ತೇವದ ವರ್ಮಿಕ್ಯುಲೈಟ್ (ನೀರು ಹಿಡಿದಿಡುವ ಖನಿಜ) ತುಂಬಿದ ಡಬ್ಬಿಯಲ್ಲಿ ಅದೇ ಮಗ್ಗುಲಲ್ಲಿ ಇಟ್ಟು, ತಿಂಗಳುಗಟ್ಟಲೆ ಕಾಯುತ್ತಾರೆ.

ವರದಿಗಾರ: ಗೋಸುಂಬೆ ಮಗ್ಗುಲು ಬದಲಿಸುವುದಿಲ್ಲವೇ? ವಿಧಾನಸೌಧದಲ್ಲಿ ಬೇರೆಯೇ ಹೇಳುತ್ತಾರೆ!

ಮೊಟ್ಟೆ: ಅಲ್ಲಿ ಮಗ್ಗುಲು ಬದಲಿಸಿದವರು ಮಂತ್ರಿಗಳಾಗುತ್ತಾರೆ, ಇಲ್ಲಿ ಹೆಣವಾಗುತ್ತೇವೆ. ಅವರನ್ನು ನಮಗೆ ಹೋಲಿಸುವುದನ್ನು ನಿಲ್ಲಿಸಿ ಎಂದು ದಪ್ಪಕ್ಷರದಲ್ಲಿ ಹಾಕಿ. ದೊಡ್ಡವರಾದ ಮೇಲೆ ಬಣ್ಣ ಬದಲಿಸುತ್ತೇವೆ, ನಿಜ. ಅದು ಬಿಸಿಲಿಗೆ, ಸಿಟ್ಟಿಗೆ, ಜೋಡಿಗೆ. ಟಿಕೆಟ್ಟಿಗಲ್ಲ.

(ವರದಿಗಾರರು ಇಲ್ಲಿ ಕೆಮ್ಮಿ, ವಿಷಯಾಂತರ ಮಾಡಿದರು.)

ವರದಿಗಾರ: ಇಷ್ಟು ದಿನ ಒಳಗಿದ್ದು ಬೇಸರವಿಲ್ಲವೇ?

ಮೊಟ್ಟೆ: ಮಡಗಾಸ್ಕರ್‌ನ ಲಾಬೋರ್ಡ್ ಗೋಸುಂಬೆಯನ್ನು ಕೇಳಿ. ಮೊಟ್ಟೆಯೊಳಗೇ 8–9 ತಿಂಗಳು. ಹೊರಬಂದ ಮೇಲೆ 4–5 ತಿಂಗಳಲ್ಲಿ ಬೆಳೆದು, ಮೊಟ್ಟೆಯಿಟ್ಟು, ಮುಗಿದೇ ಹೋಗುತ್ತದೆ. ವರ್ಷದ ಬಹುಪಾಲು ಆ ಕುಲವೆಲ್ಲ ಮಣ್ಣಿನಡಿಯ ಮೊಟ್ಟೆಗಳೇ. 2008ರಲ್ಲಿ ವಿಜ್ಞಾನಿಗಳು ಇದನ್ನು ಪ್ರಕಟಿಸಿದರು. ಆ ತಿಂಗಳುಗಳಲ್ಲಿ ಅಲ್ಲಿಗೆ ಗಣತಿಗೆ ಹೋದವರ ಪಾಡು ಊಹಿಸಿ!

ವರದಿಗಾರ: ಹೊರಬರುವ ಮುಹೂರ್ತ?

ಮೊಟ್ಟೆ: ಮೊದಲು ಬೆವರುತ್ತೇವೆ. ಚಿಪ್ಪಿನ ಮೇಲೆ ಹನಿ ಮೂಡಿ, ಮೊಟ್ಟೆ ಕುಗ್ಗುತ್ತದೆ. ಕೆಟ್ಟು ಹೋಯಿತೆಂದು ಎಸೆಯಲು ಜನ ಆರಿಸಿಕೊಳ್ಳುವುದು ಇದೇ ಗಳಿಗೆ! ಆಮೇಲೆ ಮೂತಿಯ ತುದಿಯ ಹಲ್ಲಿನಿಂದ ಚಿಪ್ಪು ಸೀಳಿ, ಮಣ್ಣು ಕೆದಕಿಕೊಂಡು ಮೇಲೆ. ಹುಳ ಹಿಡಿಯುವುದನ್ನು ಯಾರೂ ಕಲಿಸುವುದಿಲ್ಲ.

ವರದಿಗಾರ: ಓದುಗರಿಗೆ ಏನು ಹೇಳುತ್ತೀರಿ?

ಮೊಟ್ಟೆ: ಗೋಸುಂಬೆಗೆ ವಿಷವಿಲ್ಲ, ಕಲ್ಲು ಹೊಡೆಯಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಮಗೂ ಅನ್ವಯಿಸುತ್ತದೆ, ಮನೆಗೆ ಒಯ್ದು ಸಾಕುವಂತಿಲ್ಲ. ಉಳುವಾಗ ಮೊಟ್ಟೆ ಕಂಡರೆ ಇದ್ದ ಮಗ್ಗುಲಲ್ಲೇ ಬಿಟ್ಟು ಮಣ್ಣು ಮುಚ್ಚಿ. ಆ ಜಾಗಕ್ಕೆ ಜೆಸಿಬಿ ಬರುವುದು ಖಾತ್ರಿಯಾದರೆ, ಅದಕ್ಕೆ ಮೊದಲು ಅರಣ್ಯ ಇಲಾಖೆಗೆ ಒಂದು ಫೋನ್ ಮಾಡಿ.