ಉಲ್ಲನ್‌ಮಣಿದರ್ಪಣ: ಹೊಸಕೋಟೆಯ ಕ್ರಿಸ್‌ಮಸ್ ಅಲಂಕಾರಗಳಿಗೊಂದು ವ್ಯಾಕರಣ

ಅಲಂಕಾರದ ವಿಷಯದಲ್ಲಿ ಕನ್ನಡ ಪಂಡಿತರು ಎಂದೂ ಸುಮ್ಮನಿದ್ದವರಲ್ಲ. ಒಂಬತ್ತನೇ ಶತಮಾನದ ಕವಿರಾಜಮಾರ್ಗದ ಕಾಲದಿಂದಲೂ ಕಾವ್ಯಕ್ಕೆ ಯಾವ ಒಡವೆ ತೊಡಿಸಬೇಕು, ಎಷ್ಟು ತೊಡಿಸಿದರೆ ಅತಿಯಾಯಿತು ಎಂದು ಲೆಕ್ಕ ಹಾಕುತ್ತಲೇ ಬಂದಿದ್ದಾರೆ. ಆದರೆ ಡಿಸೆಂಬರ್ ಹುಟ್ಟುತ್ತಲೇ ಹೊಸಕೋಟೆಯ ಕ್ರೈಸ್ತರ ಮನೆಗಳ ಕಿಟಕಿ ಸರಳಿಗೆ, ಸರ್ವೆ ಕೊಂಬೆಗೆ, ಟಿ.ವಿ. ಸ್ಟ್ಯಾಂಡಿನ ಮೂಲೆಗೆ ನೇತುಬೀಳುವ ಫೆಲ್ಟ್ ನಕ್ಷತ್ರ, ಉಲ್ಲನ್ ಚೆಂಡು, ಹೊಲಿದ ಗಂಟೆ, ಹತ್ತಿ ತುಂಬಿದ ದೇವದೂತ, ಇವುಗಳ ಲಕ್ಷಣ ಹೇಳುವ ಗ್ರಂಥ ಮಾತ್ರ ನನ್ನ ಕಣ್ಣಿಗೆ ಬಿದ್ದಿಲ್ಲ. ಕಾವ್ಯವಿಲ್ಲದೆ ವರ್ಷಗಟ್ಟಲೆ ಕಳೆಯುವ ಮನೆಗಳುಂಟು. ಬಾಗಿಲಿಗೆ ಏನೂ ಕಟ್ಟದೆ ಒಂದು ಹಬ್ಬ ಕಳೆಯುವ ಮನೆ ಈ ಸೀಮೆಯಲ್ಲಿ ಸಿಗುವುದು ಕಷ್ಟ. ಶಾಸ್ತ್ರಕಾರರು ಎಲ್ಲಿ ನೋಡುತ್ತಿದ್ದರೋ!

ವರ್ಗೀಕರಣಕ್ಕೆ ಯಾರನ್ನು ಗುರುವೆಂದು ಹಿಡಿಯುವುದು? ಗಿಡ, ಮೃಗ, ಕಲ್ಲು ಎಲ್ಲವನ್ನೂ 1735ರಲ್ಲಿ ಖಾನೆಗಳಿಗೆ ತುಂಬಿಸಿದ ಸ್ವೀಡನ್ನಿನ ಲಿನೇಯಸ್ ಒಬ್ಬನಿದ್ದಾನೆ. ಆದರೆ ಹದಿಮೂರನೇ ಶತಮಾನದ ಕೇಶಿರಾಜ ನಮಗೆ ಹತ್ತಿರದವನು. ಕ್ರಿಸ್‌ಮಸ್ಸಿಗೂ ಕೇಶಿರಾಜನಿಗೂ ಏನು ಸಂಬಂಧ ಎಂದು ಮೂಗು ಮುರಿಯುವವರಿಗೆ ಹೇಳುತ್ತೇನೆ: ಆತನ ಶಬ್ದಮಣಿದರ್ಪಣವನ್ನು 1872ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಸಂಪಾದಿಸಿ ಹೊರತಂದವರು ಫರ್ಡಿನಂಡ್ ಕಿಟ್ಟೆಲ್, ಕ್ರಿಸ್‌ಮಸ್ ಮರವನ್ನು ಮನೆಯೊಳಗೆ ತಂದಿಟ್ಟು ಸಿಂಗರಿಸುವ ಅಭ್ಯಾಸ ಬೆಳೆಸಿದ ಜರ್ಮನಿಯ ಪಾದ್ರಿ. ಸಂಬಂಧ ಆಗಲೇ ಕುದುರಿದೆ. ನಾನು ಓಲೆ ಬರೆಯುತ್ತಿದ್ದೇನೆ ಅಷ್ಟೆ. ಈ ಪ್ರಬಂಧದ ಹೆಸರೇ ವ್ಯಾಕರಣದೋಷ ಎಂಬುದು ಗೊತ್ತಿದೆ, ಅದರ ವಿಚಾರಣೆ ಸಮಾಸಪ್ರಕರಣದಲ್ಲಿ ಬರುತ್ತದೆ.

ಮೊದಲು ಧಾತು. ಎಲ್ಲಕ್ಕೂ ಮೂಲ ಅದೇ.

ಶಾಸ್ತ್ರದ ಪ್ರಕಾರ ಫೆಲ್ಟ್ ಎಂದರೆ ನೇಯದ ಬಟ್ಟೆ. ಕುರಿಯ ಉಣ್ಣೆಯ ಎಳೆಯ ಮೇಲೆ ಬರಿಗಣ್ಣಿಗೆ ಕಾಣದ ಹುರುಪೆಗಳಿರುತ್ತವೆ. ಬಿಸಿನೀರು, ಸೋಪು, ಉಜ್ಜಾಟ ಮೂರೂ ಸೇರಿದಾಗ ಅವು ಒಂದಕ್ಕೊಂದು ಸಿಕ್ಕಿಕೊಂಡು, ಮತ್ತೆ ಬಿಡಿಸಲಾಗದಂತೆ ಹೆಣೆದುಕೊಳ್ಳುತ್ತವೆ. ಕಾಶ್ಮೀರದ ನಮ್ದಾ ಹೀಗೆ ಆದದ್ದು. ನಮ್ಮ ಕಂಬಳಿಯ ದಾರಿ ಬೇರೆ, ಅದು ಮಗ್ಗದಲ್ಲಿ ನೇಯ್ದು ಹುಣಸೆ ಬೀಜದ ಗಂಜಿ ಕುಡಿದದ್ದು. ಫ್ಯಾನ್ಸಿ ಸ್ಟೋರಿನಲ್ಲಿ ಎ4 ಅಳತೆಗೆ ಕತ್ತರಿಸಿ ಮಾರುವ ಫೆಲ್ಟ್ ಶೀಟಿಗಾದರೋ ಕುರಿಯ ನೆರಳೂ ಸೋಕಿರುವುದಿಲ್ಲ. ಸಾಮಾನ್ಯವಾಗಿ ಅದು ಪಾಲಿಯೆಸ್ಟರ್. ಮುಳ್ಳಿನ ಸೂಜಿಗಳ ಯಂತ್ರ ಎಳೆಗಳ ರಾಶಿಯನ್ನು ಮತ್ತೆ ಮತ್ತೆ ಚುಚ್ಚಿ ಹಾಳೆ ಮಾಡಿರುತ್ತದೆ. ಆದರೂ ಅದನ್ನು ಧಾತುಗಳಲ್ಲಿ ಅಗ್ರಗಣ್ಯವೆನ್ನಲು ಒಂದು ಕಾರಣವುಂಟು: ಎಲ್ಲಿ ಕತ್ತರಿಸಿದರೂ ಅಂಚು ನೂಲು ಬಿಡುವುದಿಲ್ಲ. ಮಡಿಚಿ ಹೆಮ್ಮಿಂಗ್ ಮಾಡುವ ಗೋಜಿಲ್ಲ. ಎಂಟು ವರ್ಷದ ಮಗು ಕತ್ತರಿ ಹಿಡಿದು ಸೊಟ್ಟ ನಕ್ಷತ್ರ ಕತ್ತರಿಸಿದರೂ ಅದು ಸೊಟ್ಟ ನಕ್ಷತ್ರವಾಗಿಯೇ ಉಳಿಯುತ್ತದೆ, ಚಿಂದಿಯಾಗುವುದಿಲ್ಲ. ಇಸ್ತ್ರಿಪೆಟ್ಟಿಗೆ ಮಾತ್ರ ಇದರ ಶತ್ರು. ಬಿಸಿ ಜಾಸ್ತಿಯಾದರೆ ದೇವದೂತನ ರೆಕ್ಕೆ ಕರಗಿ ಪೆಟ್ಟಿಗೆಯ ತಳ ಸೇರುತ್ತದೆ.

ಎರಡನೆಯದು ಉಲ್ಲನ್. ಉಣ್ಣೆಯ ಹೆಸರು ಹೊತ್ತ ಇದೂ ಬಹುಪಾಲು ಅಕ್ರಿಲಿಕ್ಕೇ. ಸಂಶಯವಿದ್ದವರು ಒಂದು ಎಳೆಯನ್ನು ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಬಹುದು. ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾದರೆ ಉಣ್ಣೆ. ಕರಗಿ ಕರಿಮಣಿಯಂತೆ ಗಟ್ಟಿಯಾದರೆ ಅಕ್ರಿಲಿಕ್. ಮೂರನೆಯದು ಆರು ಎಳೆಯ ಕಸೂತಿ ದಾರ. ಆರನ್ನೂ ಒಟ್ಟಿಗೆ ಸೂಜಿಗೆ ಪೋಣಿಸುವವರು ಅವಸರದವರು, ಎರಡೆಳೆ ಬಿಡಿಸಿಕೊಳ್ಳುವವರು ಬಲ್ಲವರು. ನಾಲ್ಕನೆಯದು ಹೊಟ್ಟೆಗೆ ತುಂಬುವ ಸರಕು. ಹಳೆ ದಿಂಬಿನ ಹತ್ತಿಯನ್ನು ತುರುಕಿದರೆ ವರ್ಷದೊಳಗೆ ಗಂಟುಗಂಟಾಗಿ ಸಾಂಟಾಕ್ಲಾಸನಿಗೆ ಗಡ್ಡೆ ಬಂದಂತೆ ಕಾಣುತ್ತದೆ. ಆದ್ದರಿಂದ ಈಗ ಎಲ್ಲರೂ ರೆಕ್ರಾನ್ ಎನ್ನುವ ಫೈಬರ್ ಹತ್ತಿಯ ಕಡೆಯವರೇ. ಇವೆಲ್ಲ ಸಗಟಾಗಿ ಬೇಕಾದವರು ಬೆಂಗಳೂರಿಗೆ ಬಸ್ಸು ಹತ್ತಿ ಅವೆನ್ಯೂ ರಸ್ತೆಯ ರಾಜಾ ಮಾರ್ಕೆಟ್ಟಿನ ಇಕ್ಕಟ್ಟಿನಲ್ಲಿ ನುಗ್ಗುವುದು ರೂಢಿ. ಲೇಸು, ಗುಂಡಿ, ಮಣಿ, ಉಲ್ಲನ್ ಎಲ್ಲಕ್ಕೂ ಅದೇ ಧಾತುಪಾಠ.

ಇನ್ನು ಮೂಲದ ಪ್ರಕಾರ ವಿಂಗಡಣೆ. ಪದಗಳು ತತ್ಸಮ, ತದ್ಭವ, ದೇಶ್ಯ, ಅನ್ಯದೇಶ್ಯವೆಂದು ನಾಲ್ಕು ಬಗೆ. ತೂಗುವ ಅಲಂಕಾರಗಳೂ ಹಾಗೆಯೇ.

ಪರದೇಶದ ಆಕಾರವನ್ನು ಕೂದಲೂ ಕೊಂಕದಂತೆ ಇಲ್ಲಿ ಹೊಲಿದರೆ ಅದು ತತ್ಸಮ. ಹಿಮದ ಮನುಷ್ಯ, ಹಾಲಿ ಎಲೆ, ರೆಯಿನ್‌ಡೀರ್, ಉದ್ದನೆಯ ಕಾಲುಚೀಲ ಈ ಗುಂಪಿನವು. ಹೊಸಕೋಟೆಯ ಡಿಸೆಂಬರ್‌ನಲ್ಲಿ ಬೀಳುವುದು ಇಬ್ಬನಿ ಮಾತ್ರ, ಹೀಗಾಗಿ ಹಿಮದ ಮನುಷ್ಯ ಇಲ್ಲಿ ಕೇವಲ ಕೇಳಿಕೆಯ ಮೇಲೆ ನಿಂತ ಜೀವಿ. ಕಾಲುಚೀಲದ ಪಾಡು ಇನ್ನೂ ಕಷ್ಟ. ಅದನ್ನು ತೂಗುಹಾಕಬೇಕಾದ ಅಗ್ಗಿಷ್ಟಿಕೆ ಇಲ್ಲದ್ದರಿಂದ ಫ್ರಿಜ್ಜಿನ ಹಿಡಿಗೆ ಸಿಕ್ಕಿಸುತ್ತಾರೆ. ಮೊಸರಿಗೆಂದು ಬಂದವರ ಕೈಗೆಲ್ಲ ಅದು ತಗಲುತ್ತದೆ. ರೆಯಿನ್‌ಡೀರ್‌ಗೆ ಕೆಂಪು ಪಾಂಪಾಂ ಮೂಗು ಅಂಟಿಸುವವರು ಅದನ್ನು ಪುರಾತನ ಸಂಪ್ರದಾಯವೆಂದು ನಂಬಿದ್ದರೆ ತಿದ್ದಿಕೊಳ್ಳಲಿ: ಆ ರುಡಾಲ್ಫ್ 1939ರಲ್ಲಿ ಶಿಕಾಗೋದ ಮಾಂಟ್‌ಗೊಮರಿ ವಾರ್ಡ್ ಎಂಬ ಅಂಗಡಿ ಗಿರಾಕಿಗಳಿಗೆ ಹಂಚಿದ ಪುಸ್ತಿಕೆಯಲ್ಲಿ ಹುಟ್ಟಿದವನು.

ಬಂದ ವಸ್ತು ಇಲ್ಲಿಯವರ ಕೈಯಲ್ಲಿ ಹದವಾಗಿ ತಿರುಗಿದರೆ ತದ್ಭವ. ಲಕ್ಷಣಕಾರನ ಮನಸ್ಸು ಕುಣಿಯುವುದು ಇಲ್ಲೇ. ರೆಯಿನ್‌ಡೀರ್ ಕತ್ತರಿಸಲು ಹೋಗಿ ಕೊಂಬು ಸಣ್ಣದಾದಾಗ ಚುಕ್ಕೆ ಹೊಲಿದು ಜಿಂಕೆ ಮಾಡಿದ್ದು ತದ್ಭವ. ಹಸಿರು ಫೆಲ್ಟಿನ ಮಾವಿನೆಲೆಗಳನ್ನು ಸಾಲಾಗಿ ಪೋಣಿಸಿ ನಡುನಡುವೆ ಕೆಂಪು ಗಂಟೆ ತೂಗುಬಿಟ್ಟ ತೋರಣ ತದ್ಭವ. ಅದರಲ್ಲೂ ಗೋದಲಿ ಶ್ರೇಷ್ಠ. ಯೇಸುವಿನ ಜನನದ ದೃಶ್ಯವನ್ನು ಸಂತ ಫ್ರಾನ್ಸಿಸ್ 1223ರಲ್ಲಿ ಇಟಲಿಯ ಗ್ರೆಚ್ಚೋ ಎಂಬ ಊರಿನಲ್ಲಿ ಸಜೀವ ಎತ್ತು, ಕತ್ತೆಗಳೊಡನೆ ಕಟ್ಟಿ ತೋರಿಸಿದ ಎನ್ನುತ್ತಾರೆ. ಅದು ಇಲ್ಲಿಗೆ ಬರುವ ಹೊತ್ತಿಗೆ ರಾಗಿಹುಲ್ಲು ಹಾಸಿಕೊಂಡಿತು. ಹೊಲಿದ ಕುರುಬನ ತಲೆಗೆ ಮೋಟು ಬಟ್ಟೆಯ ಬದಲು ಕಪ್ಪು ಫೆಲ್ಟಿನ ಕಂಬಳಿ ಗೊಪ್ಪೆ ಹಾಕಿ ನೋಡಿ, ಬೇತ್ಲೆಹೇಮು ಸೂಲಿಬೆಲೆಯ ಆಚೆಗೇ ಇದೆ ಅನ್ನಿಸುತ್ತದೆ. ಅವನ ಪಕ್ಕದ ಉಲ್ಲನ್ ಕುರಿಯ ಬಗ್ಗೆ ಒಂದು ಟಿಪ್ಪಣಿ: ಭಾನುವಾರ ಬೆಳಗಿನ ಜಾವಕ್ಕೇ ಮಟನ್ ಬಿರಿಯಾನಿಗೆ ಕಾರುಗಳು ಸಾಲು ನಿಲ್ಲುವ ಈ ಊರಿನಲ್ಲಿ ಪ್ರಾಣಭಯವಿಲ್ಲದೆ ನಿಂತ ಕುರಿ ಅದೊಂದೇ.

ದೇಶ್ಯವೆಂದರೆ ಮೊದಲಿನಿಂದ ನಮ್ಮಲ್ಲೇ ಇದ್ದು ಹಬ್ಬಕ್ಕೆ ಎರವಲು ಹೋದದ್ದು. ಇದರಲ್ಲಿ ಕುಚ್ಚಿಗೆ ಅಗ್ರಪೂಜೆ. ಹೊಸಕೋಟೆಯ ಯಾವ ಬೀದಿಗೆ ಹೋದರೂ ‘ಫಾಲ್, ಜಿಗ್‌ಜಾಗ್, ಕುಚ್ಚು’ ಎಂಬ ಬೋರ್ಡು ಕಾಣುತ್ತದೆ. ಸೀರೆಯ ಸೆರಗಿಗೆ ರೇಷ್ಮೆ ದಾರದ ಕುಚ್ಚು ಕಟ್ಟಿ ಸಂಸಾರ ತೂಗಿಸುವ ಹೆಂಗಸರು ಅಲ್ಲಿ ಕೂತಿರುತ್ತಾರೆ. ಯೂರೋಪಿನ ಕರಕುಶಲ ಪುಸ್ತಕಗಳು ಚಿತ್ರ ಹಾಕಿ ಕಲಿಸುವ ಟ್ಯಾಸೆಲ್ ಇವರಿಗೆ ಕಣ್ಣು ಮುಚ್ಚಿಕೊಂಡು ಮಾಡುವ ಕೆಲಸ. ನಾಲ್ಕು ಬೆರಳಿಗೆ ದಾರ ಸುತ್ತಿ, ಮೇಲ್ತುದಿಯಲ್ಲಿ ಇನ್ನೊಂದು ದಾರ ತೂರಿಸಿ ಬಿಗಿದು, ಬೆರಳು ಹೊರಗೆಳೆದು, ಕತ್ತಿನ ಹತ್ತಿರ ಜರಿ ಎಳೆ ಸುತ್ತಿ, ಗಂಟಿನ ತುದಿಯನ್ನು ಸೂಜಿಯಿಂದ ಕತ್ತಿನೊಳಗೇ ಇಳಿಸಿ, ತಳವನ್ನು ಒಂದೇ ಕತ್ತರಿ ಏಟಿಗೆ ಸಮ ಮಾಡಿದರೆ ಮುಗಿಯಿತು. “ಅಕ್ಕಾ, ಈ ಸ್ಟಾರಿಗೂ ಒಂದು ಕುಚ್ಚು ಹಾಕ್ಕೊಡ್ತೀರಾ?” ಎಂದು ಪಕ್ಕದ ಮನೆ ಹುಡುಗಿ ಫೆಲ್ಟ್ ನಕ್ಷತ್ರ ತಂದರೆ ಸೆರಗಿನ ಕೆಲಸ ಎರಡು ನಿಮಿಷ ನಿಲ್ಲುತ್ತದೆ, ಅಷ್ಟೆ. ಹತ್ತಿಯನ್ನು ಹೊಸೆದು ಕುಂಕುಮದ ಬೊಟ್ಟಿಡುವ ಗೆಜ್ಜೆವಸ್ತ್ರವೂ ದೇಶ್ಯವೇ. ಅದರ ಕೈಚಳಕ ಗೊತ್ತಿದ್ದವರಿಗೆ ಮರಕ್ಕೆ ಸುತ್ತುವ ಬಿಳಿ ಮಾಲೆಯನ್ನು ಕೊಂಡು ತರುವ ಅಗತ್ಯವಿಲ್ಲ. ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ಸುತ್ತಲಿನದು ರೇಷ್ಮೆ ಸೀಮೆ. ಪತಂಗ ತೂತು ಮಾಡಿಕೊಂಡು ಹೊರಬಿದ್ದ ಗೂಡಿನಿಂದ ಒಂದೇ ಎಳೆ ಬಿಚ್ಚಲು ಬರುವುದಿಲ್ಲ, ಬಿಚ್ಚಣಿಕೆಯವರಿಗೆ ಬೇಡವಾದದ್ದು. ಅದನ್ನೇ ದಳದಳವಾಗಿ ಕತ್ತರಿಸಿ, ಬಣ್ಣ ಕಟ್ಟಿ ಹೂವು ಮಾಡುತ್ತಾರೆ. ಅಂಥ ಹೂವೊಂದನ್ನು ಸರ್ವೆ ಕೊಂಬೆಗೆ ಕಟ್ಟಿದರೆ ಅದಕ್ಕಿಂತ ದೇಶ್ಯ ಇನ್ನೊಂದಿಲ್ಲ. ಚನ್ನಪಟ್ಟಣದವರು ಮರದಲ್ಲಿ ಕಡೆದು ಅರಗಿನ ಬಣ್ಣ ಹಚ್ಚಿದ ಪುಟ್ಟ ಗಂಟೆ, ಸಾಂಟಾಗಳನ್ನೂ ಈ ಹಬ್ಬಕ್ಕೆ ಕಳಿಸುತ್ತಾರೆ. ಚಂದವೇ, ಆದರೆ ಸೂಜಿ ತಾಗದ್ದು ಈ ಗ್ರಂಥದ ವ್ಯಾಪ್ತಿಗೆ ಬಾರದು.

ಅನ್ಯದೇಶ್ಯ: ಚೀನಾದ ಯೀವೂ ಮಾರುಕಟ್ಟೆಯಲ್ಲಿ ಪ್ಯಾಕಾಗಿ ಇಲ್ಲಿ ಪ್ಯಾಕು ಬಿಚ್ಚಿಕೊಳ್ಳುವಂಥದ್ದು. ಮಿಂಚುವ ಜರತಾರಿ ಹಾವು, ಪ್ಲಾಸ್ಟಿಕ್ ಚೆಂಡು. ಹೆಚ್ಚು ಹೇಳುವುದಕ್ಕಿಲ್ಲ.

ಈಗ ಸಂಧಿ. ಎರಡು ತುಂಡು ಕೂಡುವಾಗ ಲೋಪ, ಆಗಮ, ಆದೇಶ ಎಂಬ ಮೂರು ವಿಕಾರ ಸಂಭವಿಸುತ್ತವೆ. ಎಳೆದೊಡನೆ ದಾರ ಎರಡು ಅಂಚಿನ ನಡುವೆ ಮಾಯವಾಗುವ ಏಣಿ ಹೊಲಿಗೆ ಲೋಪಸಂಧಿ. ಹತ್ತಿ ತುಂಬಿದ ಬಾಯಿ ಮುಚ್ಚಲು ಅದೇ ಯೋಗ್ಯ. ಬೇರೆ ಬಣ್ಣದ ದಾರ ಅಂಚಿನುದ್ದಕ್ಕೂ ತಾನೇ ಮೆರೆಯುವ ಬ್ಲಾಂಕೆಟ್ ಸ್ಟಿಚ್ ಆಗಮಸಂಧಿ.

ಇದನ್ನು ನಕ್ಷತ್ರವೊಂದರಲ್ಲಿ ಹತ್ತಿರದಿಂದ ನೋಡಬೇಕು. ಒಂದೇ ಅಳತೆಯ ಎರಡು ತುಂಡನ್ನು ಜೋಡಿಸಿ ಹಿಡಿದು, ಗಂಟನ್ನು ಎರಡು ಪದರದ ಒಳಗೆ ಬಚ್ಚಿಟ್ಟು, ಅಂಚಿನಿಂದ ಕಾಲು ಬೆರಳಗಲ ಒಳಗೆ ಸೂಜಿ ಚುಚ್ಚಬೇಕು. ಸೂಜಿಯ ಮೊನೆಯ ಕೆಳಗೆ ದಾರ ಹಾಯುವಂತೆ ಎಳೆದರೆ ಅಂಚಿನ ಮೇಲೆ ದಾರದ ಸಣ್ಣ ಕಟ್ಟೆ ಏಳುತ್ತದೆ. ನೇರ ಬದಿಯಲ್ಲಿ ಯಾರಾದರೂ ಹೊಲಿದಾರು; ಪರೀಕ್ಷೆ ಇರುವುದು ಮೂಲೆಯಲ್ಲಿ. ಹೊರಚಾಚಿದ ಮೊನೆಗೆ ಬಂದಾಗ ಒಂದೇ ತೂತಿಗೆ ಮೂರು ಸಲ ಸೂಜಿ ಇಳಿಸಿದರೆ ದಾರ ಬೀಸಣಿಗೆಯಾಗಿ ಬಿಚ್ಚಿಕೊಂಡು ಮೊನೆಯನ್ನು ಹಿಡಿಯುತ್ತದೆ. ಒಳಮೂಲೆಗೆ ಒಂದೇ ಹೊಲಿಗೆ ಸಾಕು, ಎಳೆತ ಜಾಸ್ತಿಯಾದರೆ ನಕ್ಷತ್ರ ಮುದುಡುತ್ತದೆ. ತೂಗುವ ಕುಣಿಕೆಯನ್ನು ಮೊದಲೇ ಮೇಲಿನ ಮೊನೆಯ ಎರಡು ಪದರದ ನಡುವೆ ಸೇರಿಸಿ ಹೊಲಿದಿರಬೇಕು. ಎಲ್ಲ ಮುಗಿದ ಮೇಲೆ ಕುಣಿಕೆ ನೆನಪಾಗಿ ಬೆನ್ನಿಗೆ ಪಿನ್ನು ಚುಚ್ಚುವವರೇ ಜಾಸ್ತಿ. ಅಂಥ ನಕ್ಷತ್ರ ಜೀವನಪೂರ್ತಿ ನೆಲ ನೋಡುತ್ತಾ ತೂಗುತ್ತದೆ.

ಮೂರನೆಯ ಆದೇಶಸಂಧಿಯಲ್ಲಿ ದಾರದ ಜಾಗಕ್ಕೆ ಬೇರೊಂದು ಬಂದು ಕೂರುತ್ತದೆ, ಅದೇ ಗ್ಲೂ ಗನ್. ಶಾಲೆಯ ಪ್ರಾಜೆಕ್ಟು ಬೆಳಿಗ್ಗೆಯೇ ಕೊಡಬೇಕು ಎಂದು ರಾತ್ರಿ ಒಂಬತ್ತಕ್ಕೆ ಮಗ ಬಾಯಿಬಿಟ್ಟಾಗ ಮನೆಮನೆಯಲ್ಲಿ ಜಾರಿಗೆ ಬರುವ ತುರ್ತು ನಿಯಮ ಇದು. ಅಂಟು ತಣ್ಣಗಾದಾಗ ಗಟ್ಟಿ. ಶೀಟ್ ಮನೆಯ ಅಟ್ಟದಲ್ಲಿ ಏಪ್ರಿಲ್, ಮೇ ಕಳೆದರೆ ಮೆತ್ತಗಾಗಿ ಕೈಬಿಡುತ್ತದೆ. ಮುಂದಿನ ವರ್ಷ ಪೆಟ್ಟಿಗೆ ತೆಗೆದಾಗ ಸಾಂಟಾನ ಗಡ್ಡ ಒಂದು ಕಡೆ, ಸಾಂಟಾ ಇನ್ನೊಂದು ಕಡೆ. ಇದನ್ನು ಸಂಧಿಯೆಂದು ಒಪ್ಪಲು ನನ್ನ ಮನಸ್ಸಿಲ್ಲ. ಸಂಧಿಯಾಗದೆ ಬಿಡಿಬಿಡಿಯಾಗಿಯೇ ಉಳಿಯುವ ಪ್ರಕೃತಿಭಾವವನ್ನು ತಾತ್ಕಾಲಿಕವಾಗಿ ಮುಂದೂಡಿದ್ದು ಎನ್ನಬಹುದು.

ಸಮಾಸಪ್ರಕರಣದಲ್ಲಿ ಅರಿಸಮಾಸದ ತಂಟೆ ದೊಡ್ಡದು. ಸಂಸ್ಕೃತದ ಪದಕ್ಕೆ ಕನ್ನಡದ ಪದ ಗಂಟುಹಾಕುವುದನ್ನು ಕೇಶಿರಾಜ ಒಪ್ಪಲಿಲ್ಲ, ಬಿರುದಾವಳಿಗೆ ಮಾತ್ರ ರಿಯಾಯಿತಿ ಕೊಟ್ಟ. ಹಾಗಾದರೆ ಫೆಲ್ಟಿನ ಸಾಂಟಾನ ಕೊರಳಿಗೆ ಲಂಬಾಣಿ ಕಸೂತಿಯ ಕನ್ನಡಿ ಚೂರು? ನಕ್ಷತ್ರದ ತುದಿಗೆ ಸೆರಗಿನ ಕುಚ್ಚು? ಕಟ್ಟುನಿಟ್ಟಿನ ವೈಯಾಕರಣ ಇವನ್ನು ಹೊರಗಿಡುತ್ತಾನೆ. ಆದರೆ ಹಬ್ಬವೆಲ್ಲ ಬಿರುದಾವಳಿಯೇ ಎಂದು ವಾದಿಸಿ ನಾನು ಈ ಗ್ರಂಥದ ಹೆಸರನ್ನೂ ಉಳಿಸಿಕೊಳ್ಳುತ್ತೇನೆ, ಕುಚ್ಚನ್ನೂ ಉಳಿಸುತ್ತೇನೆ. ಮಾವಿನೆಲೆ ತೋರಣದ ನಡುವೆ ಬ್ಯಾಟರಿಯಲ್ಲಿ ಹಾಡುತ್ತಾ ಸೊಂಟ ಕುಣಿಸುವ ಸಾಂಟಾ ಕೂರಿಸಿದ್ದಕ್ಕೆ ಮಾತ್ರ ರಿಯಾಯಿತಿಯಿಲ್ಲ. ಅದು ಅರಿಯೇ, ಸಮಾಸವಲ್ಲ.

ತದ್ಧಿತ, ಆಖ್ಯಾತಗಳನ್ನು ಓದುಗರ ಮೇಲಿನ ಕರುಣೆಯಿಂದ ಬಿಟ್ಟಿದ್ದೇನೆ. ಕೊನೆಯದು ಅವ್ಯಯ, ಎಂದರೆ ಎಂಥ ಕಾಲಕ್ಕೂ ರೂಪ ಕೆಡದ್ದು. ಪಾಲಿಯೆಸ್ಟರ್ ಫೆಲ್ಟು, ಅಕ್ರಿಲಿಕ್ ಉಲ್ಲನ್ನು, ಒಳಗಿನ ಫೈಬರ್ ಎಲ್ಲವೂ ಈ ಪ್ರಕರಣಕ್ಕೆ ಸೇರುತ್ತವೆ. ತಿಪ್ಪೆಗೆ ಎಸೆದರೂ ಕೊಳೆಯುವುದಿಲ್ಲ. ಪ್ರತಿವರ್ಷ ಹೊಸದು ಮಾಡಿ ಹಳೆಯದನ್ನು ಎಸೆಯುವವರಿಗೆ ಇದು ಅಪವಾದ, ಎತ್ತಿಟ್ಟುಕೊಳ್ಳುವವರಿಗೆ ವರ. ಆದ್ದರಿಂದ ಸೂತ್ರದ ಮಾತಿಗಿಂತ ಒಂದು ಕೋರಿಕೆ ಮುಖ್ಯ: ಮೂಡಣ ದೇಶದ ಜೋಯಿಸರ ಹಬ್ಬವಾದ ಜನವರಿ 6 ಕಳೆದ ಮೇಲೆ ಮರ ಬಿಚ್ಚುವಾಗ ನಕ್ಷತ್ರಗಳನ್ನು ಪ್ಲಾಸ್ಟಿಕ್ ಕವರಿಗೆ ತುರುಕಬೇಡಿ. ಹಳೆ ಪಂಚೆಯ ತುಂಡಿನಲ್ಲಿ ಸುತ್ತಿ, ನಾಲ್ಕು ಒಣ ಬೇವಿನೆಲೆ ಹಾಕಿ ಟ್ರಂಕಿಗೆ ಸೇರಿಸಿ. ಮೇಲೆ ಭಾರ ಹೇರಬೇಡಿ, ದೇವದೂತನ ಮೂಗು ಚಪ್ಪಟೆಯಾದರೆ ಮತ್ತೆ ಏಳುವುದಿಲ್ಲ.