ಡಾಕ್ಸಿಸೈಕ್ಲಿನ್ ಗುಳಿಗೆಗೆ ಭಾತಂಬ್ರಾದಿಂದ ಒಂದು ಬಹಿರಂಗ ಪತ್ರ

ಡಾಕ್ಸಿಸೈಕ್ಲಿನ್ ಗುಳಿಗೆಯೇ,

ನಿನ್ನ ಮೇಲೆ ದೂರು ಹೇಳಲು ಈ ಪತ್ರ ಬರೆಯುತ್ತಿಲ್ಲ. ನನ್ನ ಗದ್ದದ ಸುತ್ತ ಗಂಟುಗಂಟಾಗಿ ಎದ್ದು, ರಾತ್ರಿ ಮಗ್ಗುಲು ಬದಲಿಸಿದರೂ ನೋಯುತ್ತಿದ್ದ ಮೊಡವೆಗಳನ್ನು ಇಳಿಸಿದ್ದು ನೀನೇ. ಆ ಋಣ ನನ್ನ ಮೇಲಿದೆ. ಆದರೆ ನಿನ್ನನ್ನು ಬರೆದುಕೊಡುವವರು, ಮಾರುವವರು, ನುಂಗುವವರು, ಈ ಮೂವರ ನಡುವೆ ಆಗಬೇಕಾದ ಮಾತು ಆಗುತ್ತಿಲ್ಲ. ಅವರೂ ಓದಲಿ ಎಂದು ನಿನ್ನ ಹೆಸರಿನ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ.

ನಮ್ಮದು ಭಾಲ್ಕಿ ತಾಲೂಕಿನ ಭಾತಂಬ್ರಾ, ಕೋಟೆಯ ಊರು. ಕನ್ನಡ, ಮರಾಠಿ, ದಖನಿ ಉರ್ದು ಮೂರೂ ಒಂದೇ ಓಣಿಯಲ್ಲಿ ಕೇಳಿಸುತ್ತವೆ. ಹುಡುಗಿಯ ಮುಖದಲ್ಲಿ ಮೊಡವೆ ಎದ್ದರೆ ಮೂರೂ ಭಾಷೆಯಲ್ಲಿ ಸಲಹೆ ಬರುತ್ತದೆ. "ಏ ಪೋರಿ, ಮಾರಿಗಿ ಏನಾಗ್ಯಾದ? ಶೇಂಗಾ ಭಾಳ ತಿಂತಿ ಏನು?" ಎಂದು ಕಾಕು ಕೇಳುತ್ತಾಳೆ. ಮೈಯಲ್ಲಿ ಕಾವು ಹೆಚ್ಚಾಗಿದೆ ಎಂದು ಅಜ್ಜಿ ಹೇಳುತ್ತಾಳೆ. ಒಬ್ಬರು ಮುಲ್ತಾನಿ ಮಿಟ್ಟಿ ಹಚ್ಚು ಎಂದರೆ ಇನ್ನೊಬ್ಬರು ನಿಂಬೆಹಣ್ಣು ಉಜ್ಜು ಎನ್ನುತ್ತಾರೆ. ಹೆಣ್ಣು ನೋಡುವವರು ಬರುವ ವಯಸ್ಸಾಗಿದ್ದರಂತೂ ಸಲಹೆಯ ದನಿ ಬದಲಾಗುತ್ತದೆ, ಅವ್ವನ ಮುಖವೂ ಬಾಡುತ್ತದೆ. ಆಗ ಯಾರೋ ತಂದುಕೊಡುವುದು ಬೆಳ್ಳಗೆ ಮಾಡುವ ಕ್ರೀಮಿನ ಟ್ಯೂಬು. ಅದರಲ್ಲಿ ಸ್ಟಿರಾಯ್ಡ್ ಇದ್ದರೆ ಮುಖ ಒಂದು ವಾರ ಹೊಳೆಯುತ್ತದೆ. ಮುಂದೆ ಚರ್ಮ ತೆಳುವಾಗಿ, ಕೆಂಪಾಗಿ, ಮೊದಲಿಗಿಂತ ಹೆಚ್ಚು ಮೊಡವೆ ಏಳುತ್ತವೆ. ಚರ್ಮಕ್ಕೆ ಹಚ್ಚುವ ಇಂಥ ಹಲವು ಸ್ಟಿರಾಯ್ಡ್ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲಿ ನಿಯಮ ಬಿಗಿ ಮಾಡಿತು. ನಿಯಮ ಬಂದು ಇಷ್ಟು ವರ್ಷವಾದರೂ ಆ ಟ್ಯೂಬುಗಳು ನಮ್ಮ ಕಡೆಯ ಮನೆಗಳ ಕನ್ನಡಿಯ ಹಿಂದಿನಿಂದ ಹೋಗಿಲ್ಲ.

ನಾನು ಭಾಲ್ಕಿಯಲ್ಲಿ ಓದುತ್ತಿದ್ದಾಗ ನೀನು ನನ್ನ ಬಾಯಿಗೆ ಬಂದೆ. ಚೀಟಿಯ ಮೇಲೆ ನಿನ್ನ ಹೆಸರು, 100 ಎಂಬ ಅಂಕಿ, ಊಟದ ನಂತರ ಒಂದು ಎಂಬ ಗುರುತು, ಅಷ್ಟೇ ಇತ್ತು. ರಾತ್ರಿ ಊಟ ಮುಗಿಸಿ ಒಂದು ಗುಟುಕು ನೀರಿನಲ್ಲಿ ನುಂಗಿ ಮಲಗುವುದು ಎಲ್ಲರ ಮನೆಯ ರೂಢಿ. ನಾನೂ ಹಾಗೇ ಮಲಗಿದೆ. ಕೆಲವು ದಿನಗಳಲ್ಲಿ ಎದೆಯ ನಡುವೆ ಕೆಂಡ ಇಟ್ಟಂಥ ಉರಿ ಶುರುವಾಯಿತು, ರೊಟ್ಟಿಯ ತುಣುಕು ಇಳಿಯುವಾಗಲೂ ಕಣ್ಣಲ್ಲಿ ನೀರು. ನೀನು ಅನ್ನನಾಳದಲ್ಲಿ ಅಂಟಿಕೊಂಡು ಕರಗಿದರೆ ಅಲ್ಲಿ ಹುಣ್ಣಾಗುತ್ತದೆ, ಏಕೆಂದರೆ ನೀನು ಆಮ್ಲೀಯ. ದೊಡ್ಡ ಲೋಟ ತುಂಬ ನೀರು ಕುಡಿಯಬೇಕು, ನುಂಗಿದ ಮೇಲೆ ಕನಿಷ್ಠ ಅರ್ಧ ತಾಸು ಕೂತಿರಬೇಕು ಇಲ್ಲವೆ ಓಡಾಡಬೇಕು. ಮಲಗುವ ಹೊತ್ತಿಗೆ ನುಂಗಲೇಬಾರದು. ಒಂದು ನಿಮಿಷದ ಮಾತು ಇದು. ಹೊರಗೆ ಸಾಲು ನಿಂತ ರೋಗಿಗಳ ನಡುವೆ ಆ ನಿಮಿಷ ಯಾರಿಗೂ ಸಿಗಲಿಲ್ಲ.

ಇನ್ನೊಂದು ಸಂಗತಿ ನಮ್ಮ ಶಾಲೆಗಳಿಗೇ ಸೇರಿದ್ದು. ಹದಿಹರೆಯದ ಮಕ್ಕಳ ರಕ್ತಹೀನತೆ ತಡೆಯಲು ಸರ್ಕಾರ ವಾರಕ್ಕೊಮ್ಮೆ ಕಬ್ಬಿಣಾಂಶದ ನೀಲಿ ಮಾತ್ರೆ ಕೊಡುತ್ತದೆ. 2013ರಿಂದ ಕ್ಷೀರಭಾಗ್ಯದ ಹಾಲು ಕೂಡ ಇದೆ. ಎರಡೂ ಒಳ್ಳೆಯ ಯೋಜನೆಗಳು, ಎರಡೂ ನಮ್ಮ ಮಕ್ಕಳಿಗೆ ಬೇಕು. ಆದರೆ ಕಬ್ಬಿಣವೂ ಹಾಲಿನ ಕ್ಯಾಲ್ಸಿಯಂ ಕೂಡ ಹೊಟ್ಟೆಯಲ್ಲಿ ನಿನ್ನನ್ನು ಹಿಡಿದುಕೊಂಡು ರಕ್ತಕ್ಕೆ ಸೇರಲು ಬಿಡುವುದಿಲ್ಲ. ಹಾಲಿನಿಂದ ನಿನ್ನ ಹಿರಿಯಣ್ಣ ಟೆಟ್ರಾಸೈಕ್ಲಿನ್‌ಗೆ ಆಗುವಷ್ಟು ನಷ್ಟ ನಿನಗೆ ಆಗದು. ಕಬ್ಬಿಣ ಮಾತ್ರ ನಿನ್ನನ್ನೂ ಬಿಡದು. ಆಮ್ಲ ತಗ್ಗಿಸಲು ಕುಡಿಯುವ ಔಷಧದ್ದೂ ಇದೇ ಗುಣ. ಎದೆ ಉರಿಗೆಂದು ಅದನ್ನೇ ಕುಡಿದು ಗುಳಿಗೆಯನ್ನು ವ್ಯರ್ಥ ಮಾಡಿಕೊಳ್ಳುವವರು ಎಷ್ಟೋ ಮಂದಿ. ಎರಡರ ನಡುವೆ ಕೆಲವು ತಾಸು ಅಂತರ ಇಟ್ಟರೆ ಸಾಕು. ಹತ್ತನೇ ತರಗತಿಯ ಹುಡುಗಿಗೆ ಇದನ್ನು ಯಾರು ಹೇಳಬೇಕು? ಗುಳಿಗೆ ಬರೆದವರಿಗೆ ಶಾಲೆಯ ಮಾತ್ರೆಯ ನೆನಪಿರುವುದಿಲ್ಲ, ಮಾತ್ರೆ ಹಂಚುವ ಶಿಕ್ಷಕಿಗೆ ಗುಳಿಗೆಯ ವಿಷಯ ಗೊತ್ತಿರುವುದಿಲ್ಲ.

ಆಮೇಲೆ ಬಿಸಿಲು. ನೀನು ಮೈಯಲ್ಲಿರುವಾಗ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ. ಕಪ್ಪು ಮೈಯವರಿಗೆ ಬಿಸಿಲು ತಾಕದು ಎಂದು ನಮ್ಮವರು ತಿಳಿದಿದ್ದಾರೆ, ತಾಕುತ್ತದೆ. ಬೀದರ್ ಜಿಲ್ಲೆಯ ಬಿಸಿಲಿನಲ್ಲಿ ನಿನ್ನನ್ನು ನುಂಗುವ ಹುಡುಗಿ ಮನೆಯಲ್ಲಿ ಕೂತಿರುವುದಿಲ್ಲ. ಸೋಯಾ, ಉದ್ದು, ಹೆಸರಿನ ಹೊಲದಲ್ಲಿ ಕಳೆ ತೆಗೆಯುತ್ತಿರುತ್ತಾಳೆ, ಇಲ್ಲವೆ ಬಸ್ಸಿಗಾಗಿ ರಸ್ತೆಯಲ್ಲಿ ನಿಂತಿರುತ್ತಾಳೆ. ಸನ್‌ಸ್ಕ್ರೀನ್ ಬರೆದುಕೊಡುವುದು ಸುಲಭ. ಅದರ ಬೆಲೆ ಅವಳ ಒಂದು ದಿನದ ಕೂಲಿಯನ್ನೂ ಮೀರಬಹುದು. ಅವಳಿಗೆ ಓಢಣಿ ಸುತ್ತಿಕೋ, ತುಂಬು ತೋಳಿನ ಅಂಗಿ ಹಾಕಿಕೋ, ನಡುಹಗಲು ಹೊಲಕ್ಕೆ ಇಳಿಯಬೇಡ ಎಂದಾದರೂ ಹೇಳಬೇಕು. ಹೆಂಗಸರು ಯಾರಿಗೂ ಹೇಳದೆ ನುಂಗಿಕೊಳ್ಳುವ ಮತ್ತೊಂದು ತೊಂದರೆಯಿದೆ, ಅದನ್ನೂ ಬರೆದುಬಿಡುತ್ತೇನೆ. ದೇಹದ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ನೀನು ತಗ್ಗಿಸುವುದರಿಂದ ಕೆಲವರಿಗೆ ಶಿಲೀಂಧ್ರ ಬೆಳೆದು ಕೆಳಗೆ ತುರಿಕೆ, ಬಿಳಿಸೆರಗು ಶುರುವಾಗುತ್ತದೆ. ಅದು ಗುಳಿಗೆಯಿಂದ ಆದದ್ದೆಂದು ತಿಳಿಯದೆ ಹುಡುಗಿಯರು ತಮ್ಮನ್ನೇ ಶಂಕಿಸಿಕೊಂಡು ಸುಮ್ಮನಿರುತ್ತಾರೆ. ಅದಕ್ಕೂ ಸರಳ ಮದ್ದಿದೆ, ಕೇಳಲು ನಾಚಬೇಕಾಗಿಲ್ಲ.

ಇಷ್ಟಾದರೂ ನೀನು ಕೆಲಸ ಮಾಡಿದೆ. ಮೊದಲ ತಿಂಗಳು ಏನೂ ಕಾಣಲಿಲ್ಲ. ಎರಡನೆಯ ತಿಂಗಳು ಮುಗಿಯುವ ಹೊತ್ತಿಗೆ ಹೊಸ ಗಂಟು ಏಳುವುದು ನಿಂತಿತು, ಹಳೆಯವು ಚಪ್ಪಟೆಯಾದವು. ನನ್ನ ಪತ್ರದ ನಿಜವಾದ ವಿಷಯ ಶುರುವಾಗುವುದು ಇಲ್ಲಿಂದಲೇ. ಮುಖ ತಿಳಿಯಾಯಿತು. ಆದರೆ ನಿನ್ನನ್ನು ಯಾವಾಗ ನಿಲ್ಲಿಸಬೇಕು? ಚೀಟಿಯಲ್ಲಿ ಅದಿಲ್ಲ. ಮೆಡಿಕಲ್‌ನ ಅಣ್ಣನನ್ನು ಕೇಳಿದರೆ, "ತಗೋರಿ ಅಕ್ಕಾ, ಭಾಳ ಮಂದಿ ವರ್ಷಗಟ್ಟಲೆ ಒಯ್ತಾರ" ಎಂದ. ಹಾಸ್ಟೆಲಿನಲ್ಲಿ ಹಾಗೆ ಒಯ್ಯುತ್ತಿದ್ದವರು ನಿಜಕ್ಕೂ ಇದ್ದರು. ಒಬ್ಬಳ ಚೀಟಿ ನಾಲ್ವರ ಗುಳಿಗೆಯಾಗುತ್ತಿತ್ತು. ಪರೀಕ್ಷೆ ಬಂದರೆ, ಮದುವೆ ಬಂದರೆ ಮತ್ತೆ ಹತ್ತು ದಿನ ನುಂಗುವುದು, ಮುಖ ತಿಳಿಯಾದರೆ ಬಿಡುವುದು.

ಮೊಡವೆ ಹೇಗೆ ಹುಟ್ಟುತ್ತದೆ ಎಂಬುದನ್ನು ತಿಳಿದರೆ ಇದೇಕೆ ತಪ್ಪೆಂದು ಅರ್ಥವಾಗುತ್ತದೆ. ಹರೆಯದ ಹಾರ್ಮೋನುಗಳಿಂದ ಚರ್ಮದ ಗ್ರಂಥಿ ಹೆಚ್ಚು ಜಿಡ್ಡು ಸುರಿಸುತ್ತದೆ. ಕೂದಲಿನ ಬುಡದ ರಂಧ್ರ ಸತ್ತ ಜೀವಕೋಶಗಳಿಂದ ಮುಚ್ಚಿಕೊಳ್ಳುತ್ತದೆ. ಎಲ್ಲರ ಚರ್ಮದಲ್ಲೂ ಇರುವ ಕ್ಯೂಟಿಬ್ಯಾಕ್ಟೀರಿಯಂ ಆ್ಯಕ್ನಿಸ್ ಎಂಬ ಬ್ಯಾಕ್ಟೀರಿಯಾ ಆ ಮುಚ್ಚಿದ ಜಾಗದಲ್ಲಿ ಹೆಚ್ಚುತ್ತದೆ, ದೇಹ ಅದರ ವಿರುದ್ಧ ಉರಿಯುತ್ತದೆ. ನೀನು ಆ ಬ್ಯಾಕ್ಟೀರಿಯಾವನ್ನು ತಗ್ಗಿಸುತ್ತೀ, ಉರಿಯೂತವನ್ನೂ ಇಳಿಸುತ್ತೀ. ಆದರೆ ಮುಚ್ಚಿದ ರಂಧ್ರವನ್ನು ತೆರೆಯಲಾರೆ, ಜಿಡ್ಡನ್ನು ನಿಲ್ಲಿಸಲಾರೆ. ಅದಕ್ಕೇ ನಿನ್ನನ್ನು ಒಂಟಿಯಾಗಿ ಕೊಡಬಾರದು ಎಂದು ಚರ್ಮವೈದ್ಯರ ಮಾರ್ಗಸೂಚಿಗಳು ಹೇಳುತ್ತವೆ. ಜೊತೆಗೆ ಹಚ್ಚಲು ಅಡಾಪಲೀನ್‌ನಂಥ ರೆಟಿನಾಯ್ಡ್ ಮುಲಾಮು, ಬೆಂಜಾಯಿಲ್ ಪೆರಾಕ್ಸೈಡ್ ಬೇಕು. ಮೂರು ನಾಲ್ಕು ತಿಂಗಳಲ್ಲಿ ನಿನ್ನನ್ನು ನಿಲ್ಲಿಸಿ ಮುಲಾಮನ್ನು ಮುಂದುವರಿಸಬೇಕು. ಬೆಂಜಾಯಿಲ್ ಪೆರಾಕ್ಸೈಡ್ ಆ್ಯಂಟಿಬಯೋಟಿಕ್ ಅಲ್ಲ, ಬ್ಯಾಕ್ಟೀರಿಯಾ ಅದಕ್ಕೆ ಒಗ್ಗಿಕೊಳ್ಳುವುದೂ ಇಲ್ಲ. ದಿಂಬಿನ ಕವರ್, ಟವೆಲ್ಲಿನ ಬಣ್ಣ ಕೆಡಿಸುತ್ತದೆ, ಮೊದಲ ವಾರಗಳಲ್ಲಿ ಮುಖ ಸಿಪ್ಪೆ ಏಳುತ್ತದೆ. ಆದ್ದರಿಂದಲೇ ಬಹಳ ಜನ ಮುಲಾಮನ್ನು ಮೂಲೆಗಿಟ್ಟು, ಉರಿಯದ ನಿನ್ನನ್ನೇ ಮುಂದುವರಿಸುತ್ತಾರೆ. ಸರಿಯಾಗಿ ಉಲ್ಟಾ.

ನಮ್ಮ ರೈತರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಸೋಯಾ ಹೊಲಕ್ಕೆ ವರ್ಷವರ್ಷವೂ ಒಂದೇ ಕಳೆನಾಶಕ ಹೊಡೆದರೆ ಅದಕ್ಕೆ ಸಾಯದ ಕಳೆಯೇ ಉಳಿದು ಹೊಲ ತುಂಬುತ್ತದೆ. ಮುಖದ ಚರ್ಮದಲ್ಲೂ ಹಾಗೆಯೇ ಆಗಿದೆ. ಎರಿಥ್ರೊಮೈಸಿನ್, ಕ್ಲಿಂಡಾಮೈಸಿನ್‌ಗೆ ಬಗ್ಗದ ಮೊಡವೆ ಬ್ಯಾಕ್ಟೀರಿಯಾ 1970ರ ದಶಕದ ಕೊನೆಯಲ್ಲೇ ಕಂಡಿತ್ತು. ಅದು ರೋಗಿಯ ಮುಖದಲ್ಲಷ್ಟೇ ಉಳಿಯುವುದಿಲ್ಲ, ಜೊತೆಗೆ ಬದುಕುವವರ ಚರ್ಮಕ್ಕೂ ದಾಟುತ್ತದೆ. ನೀನು ಹೊಟ್ಟೆಗೆ ಹೋಗುವವನಾದ್ದರಿಂದ ಮುಖಕ್ಕೆ ಸಂಬಂಧವೇ ಇಲ್ಲದ ಕರುಳಿನ ಬ್ಯಾಕ್ಟೀರಿಯಾಗಳಿಗೂ ನಿನ್ನನ್ನು ಎದುರಿಸುವ ಪಾಠವಾಗುತ್ತದೆ.

ಈಗ ನಮ್ಮ ನೆಲದ ಮಾತು. ಬೀದರ್-ಲಾತೂರು ಸೀಮೆ ದೇವಣಿ ತಳಿಯ ದನಗಳ ಸೀಮೆ. ರಾಜ್ಯದ ಪಶುವೈದ್ಯಕೀಯ ವಿಶ್ವವಿದ್ಯಾಲಯ ಇರುವುದೂ ಬೀದರ್‌ನ ನಂದಿನಗರದಲ್ಲಿ. ದನ ಸಾಕುವ ಮನೆಗೆ ಬ್ರುಸೆಲ್ಲೋಸಿಸ್ ಎಂಬ ರೋಗದ ಭಯ ಇದ್ದೇ ಇದೆ. ಹಸು ಕಂದು ಹಾಕುತ್ತದೆ, ಅದರ ಸತ್ತೆ ಎತ್ತಿದವರಿಗೆ, ಕಾಯಿಸದ ಹಾಲು ಕುಡಿದವರಿಗೆ ತಿಂಗಳುಗಟ್ಟಲೆ ಜ್ವರ, ಕೀಲುನೋವು ಹಿಡಿಯುತ್ತದೆ. ಅದಕ್ಕೆ ಕೊಡುವ ಮುಖ್ಯ ಔಷಧ ನೀನೇ, ಇನ್ನೊಂದು ಔಷಧದ ಜೊತೆ ಆರು ವಾರ. ಹೊಲದ ಪೊದೆಗಳಲ್ಲಿರುವ ಸಣ್ಣ ನುಸಿ ಕಚ್ಚಿ ಬರುವ ಸ್ಕ್ರಬ್ ಟೈಫಸ್ ಜ್ವರ ಕರ್ನಾಟಕದಲ್ಲಿ ಜೀವ ತೆಗೆಯುತ್ತದೆ. ಸಮಯಕ್ಕೆ ಸಿಕ್ಕರೆ ನಿನ್ನ ಕೆಲವೇ ಗುಳಿಗೆಗಳಲ್ಲಿ ಇಳಿಯುತ್ತದೆ. ಇಲಿ ಜ್ವರಕ್ಕೂ ನೀನು ಬೇಕು. ನಿನ್ನ ಕುಲದ್ದೇ ಆದ ಆಕ್ಸಿಟೆಟ್ರಾಸೈಕ್ಲಿನ್ ಸೂಜಿಯನ್ನು ದನಗಳಿಗೂ ಹಾಕುತ್ತಾರೆ. ಒಂದೇ ಮನೆಯಲ್ಲಿ ಕೊಟ್ಟಿಗೆಯ ಎತ್ತಿಗೆ ನಿನ್ನ ಕುಲ, ಮಗಳ ಮುಖಕ್ಕೆ ನೀನು. ಎರಡಕ್ಕೂ ಲೆಕ್ಕ ಇಡುವವರಿಲ್ಲ.

ಮೊಡವೆಗೆ ವಾರದಲ್ಲಿ ಮೂರು ದಿನ ಕೊಡುವ ಅಜಿಥ್ರೊಮೈಸಿನ್ ಬಗ್ಗೆ ನನಗೆ ಇನ್ನೂ ಹೆಚ್ಚು ಆತಂಕ. ಬಾಯಿಂದ ಕೊಡುವ ಹಳೆಯ ಔಷಧಗಳು ಟೈಫಾಯ್ಡ್‌ಗೆ ಒಂದೊಂದಾಗಿ ಕೈಕೊಟ್ಟ ಮೇಲೆ ನಮ್ಮ ದೇಶದಲ್ಲಿ ಉಳಿದಿರುವ ಬೆರಳೆಣಿಕೆಯವುಗಳಲ್ಲಿ ಅದೊಂದು. ಅದನ್ನು ಕೆನ್ನೆಯ ಗುಳ್ಳೆಗಳಿಗೆ ಸವೆಸಬಾರದು.

ನಿನ್ನ ವಂಶದ ಕತೆ ತಿಳಿದ ಮೇಲೆ ನಿನ್ನ ಬೆಲೆ ನನಗೆ ಇನ್ನೂ ಹೆಚ್ಚಾಯಿತು. ಅಮೆರಿಕದ ಮಿಸೌರಿಯ ಹೊಲವೊಂದರ ಮಣ್ಣಿನಲ್ಲಿದ್ದ ಜೀವಿಯಿಂದ ಬೆಂಜಮಿನ್ ಡಗ್ಗರ್ ಎಂಬ ವಯಸ್ಸಾದ ಸಸ್ಯವಿಜ್ಞಾನಿ ನಿಮ್ಮ ಕುಲದ ಮೊದಲ ಔಷಧ ಆರಿಯೋಮೈಸಿನ್ ಕಂಡುಹಿಡಿದರು. ಅದು ಲೋಕಕ್ಕೆ ತಿಳಿದದ್ದು 1948ರಲ್ಲಿ. ಅವರು ಕೆಲಸ ಮಾಡುತ್ತಿದ್ದ ಲೆಡರ್ಲೆ ಪ್ರಯೋಗಾಲಯದ ಸಂಶೋಧನೆಯನ್ನು ನಡೆಸುತ್ತಿದ್ದವರು ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಅದೇ ವರ್ಷ ಅವರು ತೀರಿಕೊಂಡರು. ನೀನು ಅಮೆರಿಕದ ಪೇಟೆಗೆ ಬಂದದ್ದು 1967ರಲ್ಲಿ. ಅದಕ್ಕೂ ಬಹಳ ಮೊದಲು, 1945ರಲ್ಲಿ, ನೊಬೆಲ್ ಸ್ವೀಕರಿಸಿದ ಅಲೆಕ್ಸಾಂಡರ್ ಫ್ಲೆಮಿಂಗ್ ಪೆನಿಸಿಲಿನ್ ಅನ್ನು ಅರೆಬರೆ ನುಂಗಿದರೆ ಬ್ಯಾಕ್ಟೀರಿಯಾ ಗಟ್ಟಿಯಾಗುತ್ತದೆ ಎಂದು ಎಚ್ಚರಿಸಿದ್ದರು. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾದಿಂದಲೇ 2019ರಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರೆಂಬ ಅಂದಾಜಿದೆ. ಆ ಸಾವುಗಳಿಗೆ ಮೊಡವೆಯ ಗುಳಿಗೆಯೇ ಕಾರಣವೆಂದು ನಾನು ಹೇಳುತ್ತಿಲ್ಲ. ಆದರೆ ಯಾವ ಸೋಂಕಿನ ಜ್ವರವೂ ಇಲ್ಲದ, ಆರೋಗ್ಯವಂತ ಹುಡುಗ ಹುಡುಗಿಯರು ತಿಂಗಳುಗಟ್ಟಲೆ ಆ್ಯಂಟಿಬಯೋಟಿಕ್ ನುಂಗುವುದು ಈ ಕಾಯಿಲೆಗೇ ಹೆಚ್ಚು.

ಮೊಡವೆ ಸಣ್ಣ ಕಾಯಿಲೆ, ಸಹಿಸಿಕೊಳ್ಳಿ ಎಂಬ ಉಪದೇಶವನ್ನೂ ನಾನು ಒಪ್ಪುವುದಿಲ್ಲ. ಮುಖ ಮುಚ್ಚಿಕೊಂಡು ಕಾಲೇಜಿಗೆ ಹೋದವಳಿಗೆ ಅದು ಸಣ್ಣದಲ್ಲ, ಗಂಟುಮೊಡವೆ ಬಿಟ್ಟುಹೋಗುವ ಕುಳಿಗಳು ಜೀವನವಿಡೀ ಉಳಿಯುತ್ತವೆ. ನಿನ್ನಿಂದ ಗುಣವಾಗದ ಕಠಿಣ ಮೊಡವೆಗೆ ಐಸೊಟ್ರೆಟಿನಾಯಿನ್ ಇದೆ. ಅದು ಆ್ಯಂಟಿಬಯೋಟಿಕ್ ಅಲ್ಲ, ಪರಿಣಾಮವೂ ಹೆಚ್ಚು. ಆದರೆ ಗರ್ಭಿಣಿ ನುಂಗಿದರೆ ಮಗುವಿಗೆ ಘೋರ ಅಂಗದೋಷ ತರುತ್ತದೆ. ನಿನ್ನನ್ನೂ ಅದನ್ನೂ ಒಟ್ಟಿಗೆ ನುಂಗಿದರೆ ತಲೆಬುರುಡೆಯೊಳಗೆ ಒತ್ತಡ ಏರುವ ಅಪಾಯವಿದೆ. ನೀನು ಕೂಡ ಗರ್ಭಿಣಿಯರಿಗೆ, ಎಂಟು ವರ್ಷದೊಳಗಿನ ಮಕ್ಕಳಿಗೆ ಮೊಡವೆಯಂಥ ಕಾರಣಕ್ಕೆ ಸಲ್ಲದವನು. ನಮ್ಮಲ್ಲಿ ಬೇಗ ಮದುವೆಯಾಗುವ ಹುಡುಗಿಯರಿಗೆ ಇದನ್ನು ಹೇಳದೆ ಗುಳಿಗೆ ಕೊಡುವುದು ಅನ್ಯಾಯ.

ನಿನ್ನನ್ನು ವೈದ್ಯರ ಚೀಟಿಯ ಮೇಲೆಯೇ ಮಾರಬೇಕೆಂದು 1945ರ ಔಷಧ ನಿಯಮಗಳ ಶೆಡ್ಯೂಲ್ ಎಚ್ ಹೇಳುತ್ತದೆ. ಗುಳಿಗೆ ಪಟ್ಟಿಯ ಬೆನ್ನ ಮೇಲಿನ ಕೆಂಪು ಗೆರೆ ಕಂಡರೆ ಚೀಟಿಯಿಲ್ಲದೆ ಕೊಳ್ಳಬೇಡಿ ಎಂದು 2016ರಿಂದ ಸರ್ಕಾರ ಪ್ರಚಾರ ಮಾಡುತ್ತಿದೆ. ನಿಯಮಗಳು ಸಾಕಷ್ಟಿವೆ. ಚೀಟಿ ಇದ್ದರೂ ಅದರಲ್ಲಿ ಕೊನೆ ಇಲ್ಲದಿರುವುದೇ ನಾನು ಎತ್ತುತ್ತಿರುವ ದೂರು.

ಆದ್ದರಿಂದ ಭಾಲ್ಕಿ, ಔರಾದ್, ಬೀದರ್‌ನ ವೈದ್ಯರಲ್ಲಿ ನನ್ನ ಬೇಡಿಕೆ ಒಂದೇ. ಮೊಡವೆಗೆ ಈ ಗುಳಿಗೆ ಬರೆಯುವ ದಿನವೇ ಅದನ್ನು ನಿಲ್ಲಿಸುವ ದಿನಾಂಕವನ್ನೂ ಚೀಟಿಯ ಮೇಲೆ ಬರೆಯಿರಿ, ಜೊತೆಗಿನ ಮುಲಾಮನ್ನು ಬಿಡದೆ ಬರೆಯಿರಿ, ನೀರು, ಬಿಸಿಲು, ಕಬ್ಬಿಣದ ಮಾತ್ರೆಯ ಮಾತನ್ನು ಕನ್ನಡದಲ್ಲೋ ಮರಾಠಿಯಲ್ಲೋ ಬಾಯಿಬಿಟ್ಟು ಹೇಳಿ. ಮೆಡಿಕಲ್‌ನ ಅಣ್ಣಂದಿರೇ, ಆ ದಿನಾಂಕ ದಾಟಿದ ಚೀಟಿಗೆ ಗುಳಿಗೆ ಕೊಡಬೇಡಿ. ತಂಗಿಯರೇ, ತಮ್ಮಂದಿರೇ, ದಿನಾಂಕ ಬರೆಯದ ಚೀಟಿ ಕೈಗೆ ಬಂದರೆ ಎದ್ದು ಬರುವ ಮೊದಲು ಕೇಳಿ: "ಡಾಕ್ಟರ್ ಸಾಹೇಬ್ರೇ, ಇದನ್ನ ಯಾವಾಗ ನಿಲ್ಲಸ್ಬೇಕ್ರೀ?"

ಇಂತಿ,
ನಿನ್ನಿಂದ ಗುಣ ಕಂಡ ಭಾತಂಬ್ರಾದ ಒಬ್ಬಳು