ತುಟ್ಟಿ ಕಾಕಾ

ಲಕ್ಕಲಕಟ್ಟಿಯಲ್ಲಿ ಏನೇ ಖರೀದಿ ಮಾಡಿದರೂ ಅಂಗಡಿಯವನಿಗೆ ರೊಕ್ಕ ಕೊಟ್ಟರೆ ಮುಗಿಯುವುದಿಲ್ಲ, ತುಟ್ಟಿ ಕಾಕಾಗೆ ಲೆಕ್ಕವನ್ನೂ ಕೊಡಬೇಕು. ಅಪ್ಪ ಅವ್ವ ಇಟ್ಟ ಚಂದದ ಹೆಸರು ಅವರಿಗೊಂದಿದೆ. ರೇಷನ್ ಕಾರ್ಡಿನಲ್ಲಿ ಬಿಟ್ಟರೆ ಅದು ಬೇರೆಲ್ಲೂ ಬಳಕೆಯಲ್ಲಿಲ್ಲ. ಅಗಸಿ ಕಟ್ಟೆಯ ಮೇಲೆ ಕೂತು, ಕೈಚೀಲ ಹಿಡಿದು ಬಸ್ಸಿಳಿದವರನ್ನೆಲ್ಲ "ಎಷ್ಟಾತು?" ಎಂದು ಕೇಳುವುದು, ಎಷ್ಟು ಹೇಳಿದರೂ "ತುಟ್ಟಿ ಆತ ಬಿಡು" ಎಂದು ತೀರ್ಪು ಕೊಡುವುದು ಅವರ ನಿತ್ಯದ ಕಾಯಕ. ಇಳಕಲ್ ಸೀರೆ, ಕೊಳವೆಬಾವಿ, ಕಣ್ಣಿನ ಪೊರೆ ತೆಗೆಸಿದ್ದು, ಮಗಳ ಮದುವೆಯ ಪೆಂಡಾಲು, ಯಾವುದಕ್ಕೂ ರಿಯಾಯಿತಿ ಇಲ್ಲ. ನಮ್ಮ ಓಣಿಯ ಹಿರಿಯರೊಬ್ಬರು ತೀರಿಕೊಂಡಾಗ ವಿಮಾನ ಕಟ್ಟಿ ಕೂಡಿಸಿದ್ದರು. ಭಜನೆಯವರು ಉಸಿರು ತಗೊಳ್ಳಲು ನಿಂತ ಸಂದಿನಲ್ಲಿ ಕಾಕಾ ಬಿದಿರನ್ನು ತಟ್ಟಿ ನೋಡಿ, ಹಿರೇಮಗನ ಕಿವಿಗೆ ಬಾಯಿ ಹಚ್ಚಿ, "ಎಷ್ಟಕ್ಕ ಕಟ್ಟಿದ್ರೋ?" ಎಂದರು.

ಇಂಥವರು ಊರಿಗೊಬ್ಬರು ಇರುತ್ತಾರೆ, ಗೊತ್ತು. ಆದರೆ ನಿಮ್ಮೂರಿನವರ ಕೈಗೆ ನಿಮ್ಮ ಕಾರಿನ ಇಂಜಿನ್ ಸಿಕ್ಕಿರಲಿಕ್ಕಿಲ್ಲ.

ನನ್ನದು ಮಾರುತಿ 800. ಕಂಪನಿಯವರು 2014ರಲ್ಲೇ ಅದನ್ನು ಮಾಡುವುದು ಬಿಟ್ಟರು. ನಾನು ಓಡಿಸುವುದು ಬಿಟ್ಟಿಲ್ಲ. ಹಿಂದಿನಿಂದ ನೀಲಿ ಹೊಗೆ ಬರಲು ಶುರುವಾಗಿ ಬಹಳ ದಿನವಾಗಿತ್ತು. ಹಿಂದೆ ಬರುವವರ ತೊಂದರೆ ಅಂತ ನಾನು ಸುಮ್ಮನಿದ್ದೆ. ಒಂದು ಬೇಸಿಗೆ ಮಧ್ಯಾಹ್ನ ಗಜೇಂದ್ರಗಡದ ಹತ್ತಿರ ಏರು ಹತ್ತುವಾಗ ರೇಡಿಯೇಟರ್ ನೀರು ಕುದ್ದು, ಹೆಡ್ ಗ್ಯಾಸ್ಕೆಟ್ ಹೋಯಿತು. ಮಿಸ್ತ್ರಿ ಇಂಜಿನ್ ಬಿಚ್ಚಿ ಹರವಿ, "ಬರೇ ಹೆಡ್ಡಿನ ಕೆಲಸ ಅಲ್ಲರಿ. ಬೋರ್ ಹೊಡಸಬೇಕು, ಕ್ರ್ಯಾಂಕ್ ಗ್ರೈಂಡಿಂಗ್ ಮಾಡಸಬೇಕು" ಎಂದ. ಗದಗಿಗೆ ಹೋಗುವುದೆಂದು ಗೊತ್ತಾಯಿತು. ಬೆಳಿಗ್ಗೆ ನೋಡಿದರೆ ಟಂಟಂನಲ್ಲಿ ಬ್ಲಾಕಿನ ಪಕ್ಕ ಕಾಕಾ ನನಗಿಂತ ಮೊದಲೇ ಹತ್ತಿ ಕೂತಿದ್ದಾರೆ. "ನೀ ಒಬ್ಬನ ಹ್ವಾದ್ರ ಮೋಸ ಹೋಗ್ತಿ, ತಮ್ಮಾ."

ಮಷಿನ್ ಶಾಪಿನ ಬಾಗಿಲಲ್ಲೇ ಬ್ಲಾಕುಗಳು ಸಾಲು ಹಚ್ಚಿದ್ದವು. ಒಂದೊಂದರ ಮೇಲೂ ಸೀಮೆಸುಣ್ಣದಲ್ಲಿ ಊರ ಹೆಸರು: ರೋಣ, ನರಗುಂದ, ಕುಷ್ಟಗಿ. ಶಾಪಿನವರು ನಮ್ಮ ಸಿಲಿಂಡರಿನೊಳಗೆ ಬೋರ್ ಗೇಜ್ ಇಳಿಸಿ, ಮೇಲೆ ಕೆಳಗೆ ಆಡಿಸಿ, ಮುಳ್ಳು ನೋಡಿದರು. ಒಂದು ಸಿಲಿಂಡರ್ ಓವಲ್ ಆಗಿತ್ತು. ಕಂಪನಿ ಅಳತೆ 68.5 ಮಿಲಿಮೀಟರ್. ಅದಕ್ಕಿಂತ ಕಾಲು ಮಿಲಿಮೀಟರ್ ದೊಡ್ಡ ಪಿಸ್ಟನ್ ಸಿಗುತ್ತದೆ, ಅದೂ ಸವೆದರೆ ಅರ್ಧ ಮಿಲಿಮೀಟರಿನದು. ಅಲ್ಲಿಗೆ ಮುಗಿಯಿತು, ಆಮೇಲೆ ಸ್ಲೀವ್ ಹಾಕಿಸಬೇಕು. "ಮೂರೂ ಸಿಲಿಂಡರ್ ಬೋರ್ ಮಾಡಬೇಕರಿ" ಎಂದರು ಶಾಪಿನವರು.

ಕಾಕಾ ಇದಕ್ಕೇ ಕಾದಿದ್ದವರು. "ಕೆಟ್ಟಿದ್ದು ಒಂದು. ಮೂರ ಯಾಕ? ಒಂದ ಹಲ್ಲ ನೋಯ್ತಂದ್ರ ಬತ್ತೀಸೂ ಕೀಳಸ್ತಾರೇನು?"

"ಅಜ್ಜಾರ, ಮೂರೂ ಪಿಸ್ಟನ್ ಒಂದ ಸೈಜ್, ಒಂದ ತೂಕ ಇರಬೇಕರಿ. ಇಲ್ಲಂದ್ರ ಗಾಡಿ ಕುಣೀತದ."

"ಕುಣೀಲಿ. ಈಗೇನ್ ನಿಂತ ಬಿಟ್ಟೇತಿ?"

ಕ್ರ್ಯಾಂಕಿನ ಸರದಿಯಲ್ಲೂ ಇದೇ ವಾದ. ಮೂರು ಸಿಲಿಂಡರಿನ ಆ ಕ್ರ್ಯಾಂಕಿಗೆ ಕನೆಕ್ಟಿಂಗ್ ರಾಡಿನ ಪಿನ್ ಮೂರು, ಮೇನ್ ಜರ್ನಲ್ ನಾಲ್ಕು. ಗೀರು ಬಿದ್ದದ್ದು ಒಂದೇ ಪಿನ್ನಿಗೆ. ಆದರೆ ಬೇರಿಂಗ್ ಒಂದೇ ಸೈಜಿನ ಸೆಟ್ಟಾಗಿ ಬರುವುದರಿಂದ ಮೂರನ್ನೂ ಉಜ್ಜಬೇಕು. ಕಾಕಾ ಕ್ರ್ಯಾಂಕಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಹಾಳಾಗದ ಎರಡು ಪಿನ್ನುಗಳ ಪರವಾಗಿ ವಕಾಲತ್ತು ಮಾಡಿದರು. ನಾನು ಚಹಾ ನೆವದಲ್ಲಿ ಹೊರಗೆ ಹೋದೆ.

ಮರಳಿ ಬಂದಾಗ ಬೋರಿಂಗ್ ಮುಗಿದು ಹೋನಿಂಗ್ ನಡೆದಿತ್ತು. ಸಿಲಿಂಡರಿನ ಒಳಗೋಡೆಯಲ್ಲಿ ಎಣ್ಣೆ ಹಿಡಿದು ನಿಲ್ಲಲೆಂದು ತೆಳ್ಳಗೆ ಅಡ್ಡಡ್ಡ ಗೀರು ಎಳೆಯುವ ಕೆಲಸ ಅದು. ಪಿಸ್ಟನ್ನಿಗೂ ಗೋಡೆಗೂ ನಡುವೆ ಉಳಿಯಬೇಕಾದ ಸಂದು ತಲೆಗೂದಲಿನ ದಪ್ಪಕ್ಕಿಂತ ಕಡಿಮೆ. ಕಾಕಾ ಅದನ್ನೇನೂ ನೋಡುತ್ತಿರಲಿಲ್ಲ. ಮಷಿನ್ ಕೆಳಗೆ ಉದುರಿದ ಬೀಡಿನ ಪುಡಿಯನ್ನು ಅಂಗೈಯಿಂದ ಬಳಿದು ಬಳಿದು ಕರವಸ್ತ್ರಕ್ಕೆ ತುಂಬುತ್ತಿದ್ದರು. "ಇದು ನಮ್ಮ ಮಾಲು. ನಮ್ಮ ಕಬ್ಬಣ ನಮಗ ಕೊಟ್ಟ ಬಿಡ್ರಿ." ಮೂರೂ ಸಿಲಿಂಡರಿನದು ಸೇರಿ ಒಂದು ಮುಷ್ಟಿ ಆಗಿತ್ತು. ಶಾಪಿನವರು ನನ್ನ ಮುಖ ನೋಡಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

ಬೋರಿಂಗ್, ಹೋನಿಂಗ್, ಕ್ರ್ಯಾಂಕ್ ಗ್ರೈಂಡಿಂಗ್, ಹೆಡ್ ಫೇಸಿಂಗ್, ವಾಲ್ವ್ ಸೀಟ್ ಎಲ್ಲ ಸೇರಿ ಚೀಟಿ 6,200 ರೂಪಾಯಿಗೆ ಬಂತು. ಕಾಕಾ ಗಂಟಲು ಹರಿಯುವ ತನಕ ಚೌಕಾಸಿ ಮಾಡಿ 200 ಇಳಿಸಿದರು. ಅವರ ಊಟ, ಮಿರ್ಚಿ, ಚಹಾ ಸೇರಿ 240 ಆಯಿತು.

ಪಿಸ್ಟನ್, ರಿಂಗು, ಬೇರಿಂಗು, ಗ್ಯಾಸ್ಕೆಟ್ ಸೆಟ್ಟು, ಟೈಮಿಂಗ್ ಬೆಲ್ಟು, ಮಿಸ್ತ್ರಿ ಕೂಲಿ ಸೇರಿ ಒಟ್ಟು ಖರ್ಚು 30,000ದ ಗಡಿ ದಾಟಿತು. ಮಷಿನ್ ಶಾಪಿನದು ಅದರಲ್ಲಿ ಐದನೇ ಒಂದು ಪಾಲು. ಆದರೂ ಕಾಕಾನ ಸಿಟ್ಟೆಲ್ಲ ಆ ಪಾಲಿನ ಮೇಲೇ. ಒಳಗೊಳಗೆ ನನಗೂ ಹಾಗೇ ಅನಿಸಿತ್ತು ಅಂತ ಇಟ್ಟುಕೊಳ್ಳಿ. ಪಿಸ್ಟನ್ ಡಬ್ಬಿಯಲ್ಲಿ ಬರುತ್ತದೆ, ಮೇಲೆ ಎಂಆರ್‌ಪಿ ಇರುತ್ತದೆ, ಕೈಯಲ್ಲಿ ಹಿಡಿದರೆ ಭಾರ ಗೊತ್ತಾಗುತ್ತದೆ. ಮಷಿನ್ ಶಾಪಿನಲ್ಲಿ ಕೊಟ್ಟದ್ದಕ್ಕಿಂತ ಕಡಿಮೆ ಕಬ್ಬಿಣ ವಾಪಸು ಬರುತ್ತದೆ, ಅದಕ್ಕೆ ನಾವೇ ರೊಕ್ಕ ಕೊಡಬೇಕು. ಕೈಯ ಅಳತೆಗೆ, ಕಣ್ಣಿನ ನಿಗಾಕ್ಕೆ ಡಬ್ಬಿ ಎಲ್ಲಿಂದ ತರಬೇಕು?

ಕಾಕಾನ ವಾದಕ್ಕೊಂದು ಬುಡವಿತ್ತು ಅನ್ನುವುದು ದಾರಿಯಲ್ಲಿ ತಿಳಿಯಿತು. ಅವರು ಗೌಡರ ಮನೆಯ ಎಚ್‌ಎಂಟಿ ಟ್ರ್ಯಾಕ್ಟರ್ ಓಡಿಸಿದವರು. ಜೆಕ್ ದೇಶದ ಜೀಟರ್ ಕಂಪನಿಯ ನಕ್ಷೆ, ಹರಿಯಾಣದ ಪಿಂಜೋರಿನಲ್ಲಿ ತಯಾರಿ. ಅದರ ಸಿಲಿಂಡರಿನೊಳಗೆ ಬೇರೆಯೇ ಲೈನರ್ ಇರುತ್ತದೆ. ಸವೆದರೆ ಹಳೇದು ಎಳೆದು ಹಾಕಿ, ಹೊಸ ಲೈನರ್ ಪಿಸ್ಟನ್ ಕಿಟ್ ಕೂಡಿಸಿದರೆ ಆಯಿತು, ಬೋರಿಂಗ್ ಮಾತೇ ಇಲ್ಲ. ಹೊಲದ ಬೇವಿನ ಗಿಡದ ಕೆಳಗೇ ಕೆಲಸ ಮುಗಿಯುತ್ತಿತ್ತಂತೆ. ಮಾರುತಿಯ ಬ್ಲಾಕಿನಲ್ಲಿ ಲೈನರ್ ಇಲ್ಲ, ಬ್ಲಾಕನ್ನೇ ಕೊರೆಯಬೇಕು ಎಂದು ನಾನು ವಿವರಿಸಿದೆ. ಕಾಕಾ ಶಾಂತವಾಗಿ ಕೇಳಿಸಿಕೊಂಡು, "ಹಂಗಾರ ನೀ ಗಾಡೀನ ತುಟ್ಟಿ ತಗೊಂಡಿ" ಎಂದರು.

ಅಂದಿನಿಂದ ನಮ್ಮ ಮನೆಯಲ್ಲಿ ಎಲ್ಲದಕ್ಕೂ ಎರಡು ದರ: ಅಂಗಡಿ ದರ, ಕಟ್ಟೆ ದರ. ಕಟ್ಟೆಗೆ ಅರ್ಧವೇ ಹೇಳುತ್ತೇವೆ. ಅದಕ್ಕೂ "ತುಟ್ಟಿ". ಒಮ್ಮೆ ಹಟಕ್ಕೆ ಬಿದ್ದು ಕ್ಲಚ್ ಪ್ಲೇಟಿನ ಬೆಲೆಯನ್ನು ಕಾಲು ಭಾಗಕ್ಕೆ ಇಳಿಸಿದೆ. "ಅಷ್ಟ ಸೋವಿ? ಮಾಲ ಸುಳ್ಳ ಕೊಟ್ಟಾನ ತಮ್ಮಾ" ಎಂದರು.

ಕಾಕಾನ ಬಾಯಲ್ಲಿ ನಮ್ಮೂರು ಇಂದಿಗೂ ಧಾರವಾಡ ಜಿಲ್ಲೆ, ರೋಣ ತಾಲೂಕು. ಗದಗ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಈಗ ತಾಲೂಕೂ ಗಜೇಂದ್ರಗಡ. ಅವರ ದರಪಟ್ಟಿ ಅದಕ್ಕೂ ಹಿಂದಿನದು. ಡೀಸೆಲ್ ಹತ್ತು ರೂಪಾಯಿಯೊಳಗಿದ್ದಾಗ, ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗದಿದ್ದಾಗ, ಗೌಡರು ಟ್ರ್ಯಾಕ್ಟರ್ ಮಾರದಿದ್ದಾಗ ಬರೆದದ್ದು. ಆಮೇಲೆ ಅವರು ದೊಡ್ಡದೇನನ್ನೂ ಕೊಂಡಿಲ್ಲ, ಅವರನ್ನು ಯಾರೂ "ಎಷ್ಟಾತು?" ಎಂದು ಕೇಳಿಲ್ಲ. ಹೋದ ವರ್ಷ ಹೊಸ ಚಪ್ಪಲಿ ಮೆಟ್ಟಿಕೊಂಡು ಕಟ್ಟೆಯ ಮೇಲೆ ಕಾಲು ಚಾಚಿ ಬಹಳ ಹೊತ್ತು ಕೂತಿದ್ದರು. ಹೋಗಿ ಬರುವವರು ನೋಡಲಿಲ್ಲ. ಕೊನೆಗೆ ತಾವೇ, "ನಾಕನೂರಾ ಐವತ್ತು. ತುಟ್ಟಿ ಆತಲ್ಲ?" ಎಂದರು. "ಇಲ್ಲ ಕಾಕಾ, ಭಾಳ ಸೋವಿ ಆತು" ಎಂದೆ. ಅವತ್ತು ಚಹಾದ ರೊಕ್ಕ ಅವರೇ ಕೊಟ್ಟರು.

ನಿಮ್ಮ ಗಾಡಿಗೂ ಬೋರ್ ಹೊಡೆಸುವುದಿದ್ದರೆ ಬ್ಲಾಕ್ ಅಳೆಸದೆ ಪಿಸ್ಟನ್ ಕೊಳ್ಳಬೇಡಿ, ಪಿಸ್ಟನ್ ಕೈಗೆ ಕೊಡದೆ ಬೋರ್ ಮಾಡಿಸಬೇಡಿ. ಯಾವ ಕೆಲಸಕ್ಕೆ ಎಷ್ಟೆಂದು ಮೊದಲೇ ಚೀಟಿಯಲ್ಲಿ ಬರೆಸಿಕೊಳ್ಳಿ. ಜೊತೆಗೆ ಕಾಕಾ ಬೇಕೆಂದರೆ ಹಿಂದಿನ ದಿನ ಅಗಸಿ ಕಟ್ಟೆಗೆ ಬಂದು ಒಂದು ಮಾತು ಹೇಳಿದರೆ ಸಾಕು. ಊಟ, ಮಿರ್ಚಿ ನಿಮ್ಮ ಖರ್ಚು. ಪುಡಿ ಅವರದು.